ಅನುಸೂಯಾಬಾಯಿ ಕುರ್ಚಿಯಿಂದ ಇಳಿಯದಿದ್ದ ಬಗ್ಗೆ ನನ್ನ ಲಿಖಿತ ವಿವರಣೆ

ಬೀದರ
ಮಾರ್ಚ್ ತಿಂಗಳ ಕೊನೆಯ ಸೋಮವಾರ

ಸನ್ಮಾನ್ಯ ಶ್ರೀ ಸುಶೀಲಕುಮಾರ ಅವರ ಸನ್ನಿಧಿಗೆ,
ಅಧ್ಯಕ್ಷರು, ಸ್ನೇಹಸೇತು ಸೇವಾ ಕ್ಲಬ್, ಬೀದರ

ಮಾನ್ಯರೇ,

ತಮ್ಮ ಕುಶಲ, ತಮ್ಮ ಮನೆಯವರ ಕುಶಲ, ತಮ್ಮ ಟೈಲ್ಸ್ ಅಂಗಡಿಯ ಕುಶಲ, ಹಾಗೂ ಆ ಅಂಗಡಿಯ ಗೋದಾಮಿನಲ್ಲಿ ವಿಶ್ರಾಂತಿ ಪಡೆಯುತ್ತಿರುವ ಕ್ಲಬ್ಬಿನ ಬ್ಯಾನರುಗಳ, ಶಾಲುಗಳ, ದೀಪ ಬೆಳಗುವ ಕಂಬದ ಕುಶಲವನ್ನು ಮೊದಲಿಗೆ ವಿಚಾರಿಸುತ್ತೇನೆ. ಈ ತಿಂಗಳ ಹನ್ನೊಂದರಂದು ತಾವು ದಯಮಾಡಿ ಕಳಿಸಿದ ನೋಟಿಸು ನನಗೆ ತಲುಪಿದೆ. ಔರಾದದ ಸಮಾರಂಭದಲ್ಲಿ ನಾನು ಶಿಸ್ತು ಮೀರಿದ್ದೇನೆ, ವೇದಿಕೆಯ ಘನತೆಗೆ ಕುಂದು ತಂದಿದ್ದೇನೆ, ಆದ್ದರಿಂದ ಏಳು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು ಎಂದು ಅದರಲ್ಲಿ ಬರೆದಿದ್ದೀರಿ. ಏಳು ದಿನ ಮೀರಿದ್ದಕ್ಕೆ ಕ್ಷಮೆ ಇರಲಿ. ನೋಟಿಸನ್ನು ತಾವು ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ನೂರಾ ಹನ್ನೆರಡು ಮಂದಿಗೆ ತೋರಿಸಿ ನನ್ನ ಮೇಲೆ ಉಪಕಾರ ಮಾಡಿದ್ದರಿಂದ, ವಿವರಣೆಯನ್ನೂ ಅಷ್ಟೇ ಮಂದಿಗೆ ತೋರಿಸುವುದು ನನ್ನ ಕರ್ತವ್ಯವೆಂದು ತಿಳಿದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಹೊಸ ಸದಸ್ಯರಿಗೆ ನನ್ನ ಪರಿಚಯ ಇರಲಿಕ್ಕಿಲ್ಲ. ನಾನು ಹೆಲೆನ, ಮೂವತ್ತೊಂದು ವರ್ಷ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಕ್ಲಬ್ಬಿನ ಶಿಬಿರಗಳಲ್ಲಿ ಮೂಲೆಯ ಟೇಬಲ್ಲಿನ ಹಿಂದೆ ಕುಳಿತು ಬಿ.ಪಿ. ನೋಡುವ ಬಿಳಿ ಸೀರೆಯ ಹೆಂಗಸು ನಾನೇ. ಎರಡು ವರ್ಷದಿಂದ ತಮ್ಮ ಎಲ್ಲ ಫೋಟೋಗಳಲ್ಲಿ ಎಡಗಡೆಯ ಕೊನೆಗೆ ಅರ್ಧ ಮುಖದಲ್ಲಿ ಇದ್ದೇನೆ.

ಕಳೆದ ಜನವರಿಯಲ್ಲಿ ಬೀದರಿನ ಮಂಗಲ ಕಾರ್ಯಾಲಯದಲ್ಲಿ ನಡೆದ ಸಮಾರಂಭದಿಂದ ನನ್ನ ತಪ್ಪು ಆರಂಭವಾಗುತ್ತದೆ. ಭಾಲ್ಕಿ ತಾಲೂಕಿನ ಮೆಹಕರದ ಅನುಸೂಯಾಬಾಯಿ ಅವರಿಗೆ ಕ್ಲಬ್ಬಿನ ವತಿಯಿಂದ ಗಾಲಿಕುರ್ಚಿ ಕೊಡಿಸಬೇಕೆಂದು ಕೇಳಿಕೊಂಡವಳು ನಾನು. ಸಕ್ಕರೆ ಕಾಯಿಲೆಯಿಂದ ಆಕೆಯ ಎಡಗಾಲು ಮೊಣಕಾಲಿನ ಕೆಳಗೆ ಹೋಗಿದೆ, ಆ ಗಾಯಕ್ಕೆ ಪಟ್ಟಿ ಕಟ್ಟಿದವಳೂ ನಾನೇ. ಗಂಡ ತೀರಿದ ಮೇಲೆ ಹದಿನಾಲ್ಕು ವರ್ಷ ಊರಿನ ಹಿಟ್ಟಿನ ಗಿರಣಿ ನಡೆಸಿದ ಹೆಣ್ಣುಮಗಳು ಆಕೆ. ಮನೆಯಿಂದ ಗಿರಣಿಗೆ ಅರವತ್ತು ಹೆಜ್ಜೆ, ಸಿಮೆಂಟು ರಸ್ತೆ. ಆ ಅರವತ್ತು ಹೆಜ್ಜೆ ದಾಟಲಾಗದೆ ಗಿರಣಿ ಮೈದುನನ ಕೈಗೆ ಹೋಗಿತ್ತು. ಆತ ಕಲ್ಲು ಬಿಗಿ ಮಾಡದೆ ಬೀಸುತ್ತಿದ್ದ, ಜೋಳದ ಹಿಟ್ಟು ರವೆಯಂತೆ ಬರುತ್ತಿತ್ತು, ಗಿರಾಕಿಗಳು ಪಕ್ಕದ ಊರಿಗೆ ಹೋಗತೊಡಗಿದ್ದರು. "ಕಾಲು ಹೋಗಿದ್ದಕ್ಕ ನಾ ಅಳಲಿಲ್ಲ ಸಿಸ್ಟರ್ ಬಾಯಿ, ನನ್ನ ಹಿಟ್ಟಿಗಿ ಮಂದಿ ಹೆಸರು ಇಟ್ಟರಲ್ಲ, ಅದಕ್ಕ ಅತ್ತೇನಿ" ಎಂದು ಆಕೆ ನನ್ನ ಮುಂದೆ ಹೇಳಿದ್ದುಂಟು.

ಆ ದಿನ ತಾವು ಆಕೆಯನ್ನು ಕುರ್ಚಿಯಲ್ಲಿ ಕೂಡಿಸಿದಿರಿ, ಶಾಲು ಹೊದಿಸಿದಿರಿ, ಪ್ರಮಾಣಪತ್ರ ಕೊಟ್ಟಿರಿ, ಸೇವೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದಿರಿ. ಕುರ್ಚಿಯ ಎಡ ಹಿಡಿಕೆಯ ರೆಕ್ಸಿನ್ ಹರಿದು ಒಳಗಿನ ತಗಡು ಚುಚ್ಚುವಂತಿತ್ತು. ನಾನು ನನ್ನ ಚೀಲದಲ್ಲಿದ್ದ ಪ್ಲಾಸ್ಟರನ್ನು ಅದಕ್ಕೆ ಮೂರು ಸುತ್ತು ಸುತ್ತಿ, ನರ್ಸಿನ ರೂಢಿಯಂತೆ ತುದಿಯನ್ನು ಒಳಗೆ ಮಡಚಿ ಅಂಟಿಸಿದೆ. ಚಪ್ಪಾಳೆ ಮುಗಿದ ಮೇಲೆ ಕಾರ್ಯದರ್ಶಿ ಆಲ್ವಿನ ಅವರು ಬಂದು, ಕುರ್ಚಿಯ ಬೆನ್ನಿಗೆ ಕ್ಲಬ್ಬಿನ ಹೆಸರು ಬರೆಸುವುದಿದೆ, ಬರೆಸಿ ಮನೆಗೇ ಮುಟ್ಟಿಸುತ್ತೇವೆ ಎಂದು ಆಕೆಯನ್ನು ಮೆಲ್ಲಗೆ ಇಳಿಸಿದರು. ಅನುಸೂಯಾಬಾಯಿಯ ಮಗಳು, ಅಂಗನವಾಡಿಯಲ್ಲಿ ಕೆಲಸ ಮಾಡುವ ಮನಿಷಾ, ತಾಯಿಯನ್ನು ಎತ್ತಿಕೊಂಡು ಆಟೋ ಹತ್ತಿಸಿದಳು. ಶಾಲು, ಪ್ರಮಾಣಪತ್ರ, ಒಂದು ತೆಂಗಿನಕಾಯಿ ಮೆಹಕರಕ್ಕೆ ಹೋದವು. ನಾನು ಚಪ್ಪಾಳೆ ಹೊಡೆದವರಲ್ಲಿ ಒಬ್ಬಳು.

ಫೆಬ್ರವರಿಯ ಕೊನೆಗೆ ಭಾಲ್ಕಿಯ ಸಮಾರಂಭ. ಅಲ್ಲಿ ಮುರ್ತುಜಾ ಎಂಬ ಟೇಲರ್‌ಗೆ, ಸಣ್ಣಂದಿನಲ್ಲೇ ಪೋಲಿಯೋದಿಂದ ಎರಡೂ ಕಾಲು ಸೊರಗಿದವರಿಗೆ, ಗಾಲಿಕುರ್ಚಿ ದಾನವಾಯಿತು. ಕ್ಲಬ್ಬಿನ ಹೆಸರು ನಿಜಕ್ಕೂ ಬರೆಸಿದ್ದಿರಿ; ಕೆಂಪು ಬಣ್ಣ, ಹಳದಿ ಅಂಚು, ಬಹಳ ದೂರದವರೆಗೆ ಕಾಣುತ್ತಿತ್ತು. ಹೆಸರು ಕುರ್ಚಿಯ ಬೆನ್ನಿಗಿದ್ದುದರಿಂದ ಫೋಟೋಗಾಗಿ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಲಾಯಿತು. ಮರುದಿನದ ಪತ್ರಿಕೆಯ ಚಿತ್ರದಲ್ಲಿ ತಾವು ಹನ್ನೊಂದು ಮಂದಿ ನಗುತ್ತಿದ್ದಿರಿ, ಫಲಾನುಭವಿಯ ಹಿಂದಲೆ ಮಾತ್ರ ಇತ್ತು. ಮುರ್ತುಜಾ ಅವರ ಮುಖ ಹೇಗಿದೆ ಎಂದು ಓದುಗರು ಕೇಳಲಿಲ್ಲ, ಅದು ತಮ್ಮ ಅದೃಷ್ಟ. ಅವರ ಬಿ.ಪಿ. ನೋಡಲು ಬಾಗಿದ ನನಗೆ ಮಾತ್ರ ಎಡ ಹಿಡಿಕೆಯ ಮೇಲೆ ಮೂರು ಸುತ್ತಿನ ಪ್ಲಾಸ್ಟರ್, ಒಳಗೆ ಮಡಚಿದ ತುದಿ ಕಂಡಿತು.

ಆಲ್ವಿನ ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ. "ಅದೇ ಮಾಡೆಲ್ ಅದರಿ ಸಿಸ್ಟರ್, ಬ್ಯಾರೆ ಕುರ್ಚಿ" ಎಂದರು. ಪ್ಲಾಸ್ಟರೂ ಅದೇ ಮಾಡೆಲ್ಲೋ ಎಂದು ಕೇಳುವ ಧೈರ್ಯ ಅವತ್ತು ನನಗೆ ಬರಲಿಲ್ಲ. ಹೊರಗೆ ಟೆಂಪೋದ ಹತ್ತಿರ ಖಾಜಾ ಮಿಯಾ ನಿಂತಿದ್ದರು. ಕ್ಲಬ್ಬಿನ ಬ್ಯಾನರು, ಮೈಕು, ಕುರ್ಚಿಗಳನ್ನೆಲ್ಲ ಊರಿಂದೂರಿಗೆ ಸಾಗಿಸುವವರು ಅವರೇ. ಅವರು ಏನನ್ನೂ ಮುಚ್ಚಿಡಲಿಲ್ಲ. "ನನಗೇನು ಕೇಳ್ತೀರಿ ಬಾಯಿ, ತರೋದೂ ಒಂದೇ ಕುರ್ಚಿ, ಒಯ್ಯೋದೂ ಅದೇ ಕುರ್ಚಿ. ಐತಾರ ಔರಾದಕ್ಕ ಹೋಗೋದದ, ಕಟ್ಟಿದ ಹಗ್ಗ ಬಿಚ್ಚಬ್ಯಾಡ ಅಂತ ಹುಕುಂ ಆಗ್ಯಾದ" ಎಂದರು. ಮುರ್ತುಜಾ ಅವರು ಕೈಯೂರಿ ಮೆಟ್ಟಿಲು ಇಳಿದು ಹೋಗುವುದನ್ನು ನಾವಿಬ್ಬರೂ ನೋಡಿದೆವು. ಅವತ್ತೂ ನಾನು ಚಪ್ಪಾಳೆ ಹೊಡೆದಿದ್ದೆ. ಇದನ್ನು ನನ್ನ ತಪ್ಪೊಪ್ಪಿಗೆಯೆಂದು ದಾಖಲಿಸಿಕೊಳ್ಳಬೇಕು. ನೋಟಿಸಿನಲ್ಲಿ ಇದು ಬಿಟ್ಟುಹೋಗಿದೆ.

ಮಾನ್ಯರೇ, ಒಂದೇ ಕುರ್ಚಿಯಿಂದ ಒಂದು ಇಡೀ ಜಿಲ್ಲೆಯನ್ನು ಕೂಡಿಸಬಲ್ಲ ತಮ್ಮ ಸಾಮರ್ಥ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆಸ್ಪತ್ರೆಯಲ್ಲಿ ನಾವು ಒಂದು ಹಾಸಿಗೆಗೆ ಒಬ್ಬ ರೋಗಿ ಎಂಬ ಹಳೆಯ ಪದ್ಧತಿಗೆ ಅಂಟಿಕೊಂಡು ಎಷ್ಟು ಹಾಸಿಗೆ ವ್ಯರ್ಥ ಮಾಡಿದೆವು. ಎಲ್ಲ ಸದಸ್ಯರಿಗಿಂತ ಹೆಚ್ಚು ಊರು ಸುತ್ತಿದ, ಯಾರೊಬ್ಬರ ಮನೆಯಲ್ಲೂ ಒಂದು ಲೋಟ ನೀರು ಮುಟ್ಟದ ಆ ಕುರ್ಚಿಯನ್ನು ಕ್ಲಬ್ಬಿನ ಗೌರವ ಸದಸ್ಯನನ್ನಾಗಿ ಮಾಡಿಕೊಳ್ಳಬೇಕೆಂದು, ಸ್ಥಾನ ಖಾಲಿ ಇಲ್ಲದಿದ್ದರೆ ನನ್ನದನ್ನು ಕೊಡಬೇಕೆಂದು ಸೂಚಿಸುತ್ತೇನೆ.

ಔರಾದದ ಸಮಾರಂಭಕ್ಕೆ ಎರಡು ದಿನ ಮುಂಚೆ ಅನುಸೂಯಾಬಾಯಿ ಫೋನು ಮಾಡಿ, "ಸಿಸ್ಟರ್ ಬಾಯಿ, ಹೆಸರು ಬರೆಯೋದು ಇನ್ನಾ ಮುಗಿದಿಲ್ಲೇನ್ರಿ? ಅಷ್ಟು ಉದ್ದ ಅದ ಏನು ಹೆಸರು?" ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಆಮೇಲೆ ಖಾಜಾ ಮಿಯಾ ಅವರಿಗೆ ಫೋನು ಹಚ್ಚಿ, ಔರಾದಕ್ಕೆ ಹೋಗುವಾಗ ಮೆಹಕರದ ಮೇಲೆ ಹಾಯ್ದು ಹೋಗಲು ಕೇಳಿಕೊಂಡೆ. ನೋಟಿಸಿನಲ್ಲಿ ತಾವು 'ಸಂಚು' ಎಂದು ಕರೆದಿರುವುದು ಇದನ್ನೇ. ಸಂಚು ನನ್ನದೇ, ಖಾಜಾ ಮಿಯಾ ಅವರದಲ್ಲ. ಅವರು ದಾರಿ ಮಾತ್ರ ಬದಲಿಸಿದರು.

ಆ ಭಾನುವಾರ ಮುಂಜಾನೆ ನಾನೂ ಟೆಂಪೋದಲ್ಲಿದ್ದೆ. ಮೆಹಕರದಲ್ಲಿ ಕುರ್ಚಿಯನ್ನು ಇಳಿಸಿ ಅನುಸೂಯಾಬಾಯಿಯ ಬಾಗಿಲ ಮುಂದೆ ನಿಲ್ಲಿಸಿ, "ಬಾಯಿ, ಇಲ್ಲೇ ಬಿಟ್ಟು ಹೋಗ್ತೇನಿ. ಕೇಳಿದವರಿಗಿ ನಾ ಜವಾಬು ಕೊಡ್ತೇನಿ" ಎಂದು ಖಾಜಾ ಮಿಯಾ ಹೇಳಿದರು. ನನಗೂ ಅದೇ ಸರಿ ಅನ್ನಿಸಿತು, ಅಲ್ಲಿಗೆ ಎಲ್ಲ ಮುಗಿದೂ ಹೋಗುತ್ತಿತ್ತು. ಅನುಸೂಯಾಬಾಯಿ ಒಪ್ಪಲಿಲ್ಲ. "ಹಂಗ ಮಾಡಿದರ ಕದ್ದಂಗ ಆಗ್ತದ್ರಿ. ನಾಕು ಮಂದಿ ಎದುರು ಕೊಟ್ಟಾರ, ನಾಕು ಮಂದಿ ಎದುರೇ ತೊಗೊಂಡು ಬರ್ತೇನಿ" ಎಂದು ಹೇಳಿ, ಒಳಗಿಂದ ಬೀದರಿನ ಪ್ರಮಾಣಪತ್ರವನ್ನು ತರಿಸಿಕೊಂಡು, ಮನಿಷಾಳ ಜೊತೆ ಕುರ್ಚಿಯ ಸಮೇತ ಟೆಂಪೋ ಏರಿದರು.

ಔರಾದದಲ್ಲಿ ಆಕೆಯನ್ನು ಯಾರೂ ಗುರುತಿಸಲಿಲ್ಲ ಎಂಬುದನ್ನು ಬೇಸರದಿಂದಲ್ಲ, ಬರೀ ಸಂಗತಿಯೆಂದು ತಿಳಿಸುತ್ತೇನೆ. ಎರಡು ತಿಂಗಳ ಹಿಂದೆ ತಾವೇ ಶಾಲು ಹೊದಿಸಿದ ಹೆಂಗಸು. ಕುರ್ಚಿಯಲ್ಲಿ ಒಬ್ಬರು ಕುಳಿತಿದ್ದಾರೆ ಎಂದಮೇಲೆ ಇವರೇ ಇವತ್ತಿನ ಫಲಾನುಭವಿ ಎಂದು ಆಲ್ವಿನ ಅವರು ಖುಷಿಯಿಂದ ಆಕೆಯನ್ನು ವೇದಿಕೆಗೆ ಹತ್ತಿಸಿ, ಹೆಸರು ಕಾಣಲೆಂದು ಸಭಿಕರಿಗೆ ಬೆನ್ನು ಮಾಡಿ ನಿಲ್ಲಿಸಿದರು. ಹೈದರಾಬಾದಿನಿಂದ ಬಂದ ಕ್ಲಬ್ಬಿನ ಪ್ರಾಂತ ಮುಖ್ಯಸ್ಥರಿಗೆ ಹಾರ ಬಿತ್ತು. ಪ್ರಾರ್ಥನೆ ಆಯಿತು. ಆಮೇಲೆ ಮೈಕಿನಲ್ಲಿ ನರಸಿಂಗ ಅವರ ಹೆಸರು ಕೂಗಿದರು.

ನರಸಿಂಗ ಅವರು ನಿವೃತ್ತ ಪೋಸ್ಟಮನ್, ಲಕ್ವಾ ಹೊಡೆದು ಬಲಗಡೆ ಕೈಕಾಲು ಬಿದ್ದವರು. ಹೆಂಡತಿಯ ಹೆಗಲು ಹಿಡಿದು ಒಂದೊಂದೇ ಹೆಜ್ಜೆ ಎಳೆಯುತ್ತ ವೇದಿಕೆಗೆ ಬಂದು ನೋಡಿದರೆ ಕುರ್ಚಿ ತುಂಬಿತ್ತು. ಆಲ್ವಿನ ಅವರು ಅನುಸೂಯಾಬಾಯಿಯ ಕಿವಿಯ ಹತ್ತಿರ ಬಾಗಿ, ಸ್ವಲ್ಪ ಇಳಿಯಬೇಕೆಂದು ಕೇಳಿಕೊಂಡರು. ಕೈಯಲ್ಲಿದ್ದ ಮೈಕನ್ನು ಬಂದ್ ಮಾಡುವುದನ್ನು ಮರೆತರು.

ಅನುಸೂಯಾಬಾಯಿ ಎರಡೂ ಗಾಲಿಗಳನ್ನು ಹಿಡಿದು ತಾವೇ ತಿರುಗಿಸಿದರು. ಅದಕ್ಕೆ ಮುಂಚೆ ಆಕೆ ಗಾಲಿ ಮುಟ್ಟಿದವರಲ್ಲ, ಒಂದು ಸಲ ಕುರ್ಚಿ ಮೇಜಿಗೆ ಬಡಿಯಿತು, ಇನ್ನೊಂದು ಸಲಕ್ಕೆ ಸಭೆಯ ಕಡೆ ಮುಖ ಬಂತು. "ನಾ ಇಳಿಯಂಗಿಲ್ಲರಿ" ಎಂದರು. ದನಿ ಏರಿಸಲಿಲ್ಲ, ಮೈಕೇ ಏರಿಸಿತು. "ಜನವರ್ಯಾಗ ಇದನ್ನ ನನಗ ಕೊಟ್ಟೀರಿ. ಕಾಗದದಾಗ ನಿಮ್ಮ ಸಹಿ ಅದ. ಭಾಲ್ಕ್ಯಾಗ ಇದನ್ನೇ ಒಬ್ಬ ಟೇಲರ್‌ಗಿ ಕೊಟ್ಟೀರಿ. ಇವತ್ತ ಈ ಅಣ್ಣಾರಿಗಿ ಕೊಡ್ಲಿಕತ್ತೀರಿ. ಅವರಿಗಿ ಕೊಡಬ್ಯಾಡ್ರಿ ಅನ್ನಂಗಿಲ್ಲ ನಾ, ಆದರ ಮೊದಲು ಕೊಟ್ಟಿದ್ದು ನನಗ, ಇದು ನಂದು."

ನಾನು ಕೆಳಗೆ ಬಿ.ಪಿ. ಯಂತ್ರ ಹಿಡಿದು ನಿಂತಿದ್ದೆ. ನರಸಿಂಗ ಅವರು ಜಗಳಕ್ಕೆ ನಿಂತರೆ ಏನು ಗತಿ ಎಂಬ ಭಯ ನನಗಿತ್ತು. ಬಡವರಿಬ್ಬರು ಒಂದು ಕುರ್ಚಿಗೆ ಕಿತ್ತಾಡುವುದನ್ನು ನೋಡಲು ನಾನೇ ಇಷ್ಟು ದೂರ ಕರೆತಂದೆನೇ ಅನ್ನಿಸಿತು. ನರಸಿಂಗ ಅವರು ಉಸಿರು ತೆಗೆದುಕೊಂಡು, ಲಕ್ವಾದಿಂದ ತೊದಲುವ ಮಾತಿನಲ್ಲಿ ಹೇಳಿದರು: "ಒಬ್ಬರ ಟಪಾಲು ಇನ್ನೊಬ್ಬರ ಮನ್ಯಾಗ ಎಂದೂ ಹಾಕಿದವ ಅಲ್ಲರಿ ನಾ. ಅದು ಆಕಿದು. ನನ್ನ ಹೆಸರಿಗಿ ಬಂದದ್ದು ಬ್ಯಾರೆ ಇದ್ದರ ಕೊಡ್ರಿ, ಇಲ್ಲಂದರ ಇಲ್ಲ ಅನ್ರಿ." ಹಾಗೆಂದು ಹೆಂಡತಿಯ ಹೆಗಲು ಹಿಡಿದೇ ನಿಂತರು, ಹೋಗಲಿಲ್ಲ.

ಆಗ ತಾವು ತೋರಿಸಿದ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕನ್ನಡ ಅರಿಯದ ಪ್ರಾಂತ ಮುಖ್ಯಸ್ಥರು ಇದೊಂದು ಜಾಗೃತಿ ನಾಟಕವೆಂದು ತಿಳಿದು ಜೋರಾಗಿ ಚಪ್ಪಾಳೆ ಹೊಡೆದಾಗ, ತಾವೂ ಎದ್ದು, ನರಸಿಂಗ ಅವರಿಗೂ ಭಾಲ್ಕಿಯ ಮುರ್ತುಜಾ ಅವರಿಗೂ ವಾರದೊಳಗೆ ಹೊಸ ಕುರ್ಚಿಗಳು ಮನೆಬಾಗಿಲಿಗೆ ಬರುತ್ತವೆ ಎಂದು ಘೋಷಿಸಿದಿರಿ. ಮನಿಷಾ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದಾಳೆ. ಸ್ಪಷ್ಟವಾಗಿ ಬಂದಿದೆ, ತಮ್ಮ ಬೆವರೂ ಕಾಣುತ್ತದೆ.

ವಾರದೊಳಗೆ ಬಂದದ್ದು ಕುರ್ಚಿಗಳಲ್ಲ, ನನಗೆ ನೋಟಿಸು. ಮನಿಷಾ ಆ ವಿಡಿಯೋವನ್ನು ಪ್ರಾಂತ ಮುಖ್ಯಸ್ಥರಿಗೆ ಹಿಂದಿಯಲ್ಲಿ ಅರ್ಥ ಬರೆದು ಕಳಿಸಿದಳು. ನಾಲ್ಕನೇ ದಿನ ಖಾಜಾ ಮಿಯಾ ಅವರ ಟೆಂಪೋದಲ್ಲಿ ಎರಡು ಹೊಸ ಕುರ್ಚಿ ಹೋದವು, ಒಂದು ಭಾಲ್ಕಿಗೆ, ಒಂದು ಔರಾದಕ್ಕೆ. ಹೆಸರಿಲ್ಲ, ಹಾರವಿಲ್ಲ, ಭಾಷಣವಿಲ್ಲ. ಕ್ಲಬ್ಬಿನ ಇತಿಹಾಸದಲ್ಲೇ ಇಷ್ಟು ಚೆಂದದ ಕಾರ್ಯಕ್ರಮ ನಾನು ಕಂಡಿಲ್ಲ, ಅದಕ್ಕೆ ನನ್ನ ಹೃತ್ಪೂರ್ವಕ ಅಭಿನಂದನೆ.

ಕಳೆದ ಗುರುವಾರ ನಾನು ಮೆಹಕರಕ್ಕೆ ಹೋಗಿದ್ದೆ. ಅನುಸೂಯಾಬಾಯಿ ಗಿರಣಿಯ ಬಾಯಿಗೆ ಕುರ್ಚಿ ಹಚ್ಚಿ ಕುಳಿತು, ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇನ್ನೊಂದು ಸುತ್ತು ಬಿಗಿ ಮಾಡು" ಎಂದು ಮೈದುನನಿಗೆ ಹೇಳುತ್ತಿದ್ದರು. ಆತ ಮಾಡುತ್ತಿದ್ದ. ಬುಟ್ಟಿ ಹಿಡಿದ ಆರು ಜನ ಹೆಂಗಸರು ಪಾಳಿ ಹಚ್ಚಿದ್ದರು. ನನ್ನ ಜೊತೆ ಮಾತಾಡಲು ಆಕೆಗೆ ಪುರುಸೊತ್ತಿರಲಿಲ್ಲ. ನಾನು ಅರ್ಧ ತಾಸು ಸುಮ್ಮನೆ ನಿಂತು ನೋಡಿ ಬಂದೆ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಈ ತಿಂಗಳ ಕ್ಲಬ್ಬಿನ ಸಮಾಚಾರ ಪತ್ರಿಕೆಯ ಮುಖಪುಟದಲ್ಲಿ 'ಐದು ಗಾಲಿಕುರ್ಚಿಗಳ ವಿತರಣೆ' ಎಂದು ಅಚ್ಚಾಗಿದೆ. ಮೂರು ಸಮಾರಂಭ, ಎರಡು ಮನೆಬಾಗಿಲು, ಕೂಡಿಸಿದರೆ ಐದು. ಲೆಕ್ಕ ಸರಿಯಾಗಿಯೇ ಇದೆ. ನನಗೆ ಗೊತ್ತಿರುವ ಕುರ್ಚಿಗಳು ಮೂರು. ಉಳಿದ ಎರಡರಲ್ಲಿ ಕುಳಿತಿರುವ ಇಬ್ಬರ ವಿಳಾಸವನ್ನು ದಯಮಾಡಿ ತಿಳಿಸಿದರೆ ಹೋಗಿ ಅವರ ಬಿ.ಪಿ. ನೋಡಿ ಬರುತ್ತೇನೆ. ಅವರು ಇನ್ನೂ ಹುಟ್ಟಿಲ್ಲದಿದ್ದರೆ, ಹುಟ್ಟಿದ ಕೂಡಲೇ ತಿಳಿಸಿರಿ, ಕಾಯುತ್ತೇನೆ. ಹಾಗೆಯೇ ಖಾಜಾ ಮಿಯಾ ಅವರಿಗೆ ಮುಂದಿನ ಶಿಬಿರಗಳಿಗೆ ಟೆಂಪೋ ಬೇಡವೆಂದು ತಿಳಿಸಿರುವಿರಂತೆ. ಜಿಲ್ಲೆಯಲ್ಲಿ ಕ್ಲಬ್ಬಿನ ಸಾಮಾನನ್ನು ಅದರ ಒಡೆಯರ ಮನೆಗೆ ಮುಟ್ಟಿಸಿದ ಒಬ್ಬನೇ ಮನುಷ್ಯ ಅವರು. ಅವರನ್ನು ಕರೆಯುವವರೆಗೆ ನಾನೂ ಬರುವುದಿಲ್ಲ. ಫೋಟೋದ ಎಡಗಡೆಯ ಕೊನೆಗೆ ಬೇರೆ ಅರ್ಧ ಮುಖವನ್ನು ನಿಲ್ಲಿಸಿಕೊಳ್ಳಬೇಕಾಗಿ ವಿನಂತಿ.

ಎರಡು ಚಪ್ಪಾಳೆಗಳನ್ನು ಹಿಂದೆ ಪಡೆಯುತ್ತ,
ತಮ್ಮ ವಿಶ್ವಾಸದಲ್ಲಿ ಇನ್ನೂ ಉಳಿದಿದ್ದರೆ ತಮ್ಮ ವಿಶ್ವಾಸಿ,
ಹೆಲೆನ
ನಿವೃತ್ತ ಸ್ಟಾಫ್ ನರ್ಸ್

ತಾಜಾ ಕಲಂ: ಮುಂದಿನ ತಿಂಗಳು ಬಗದಲ್‌ನಲ್ಲಿ ಕನ್ನಡಕ ವಿತರಣೆ ಇಟ್ಟುಕೊಂಡಿದ್ದೀರೆಂದು ಕೇಳಿ ಸಂತೋಷವಾಯಿತು. ಸಿದ್ಧತೆಗೆ ಅನುಕೂಲವಾಗಲೆಂದು ಒಂದು ಮಾತು ತಿಳಿಸಿಡುತ್ತೇನೆ: ಕಣ್ಣು ಮಂಜಾದವರ ಕಾಲು ಗಟ್ಟಿ ಇರುತ್ತವೆ, ಹಾಕಿದ ಕೂಡಲೇ ಕನ್ನಡಕದ ಸಮೇತ ಓಡಿಹೋಗಬಲ್ಲರು.