ಬಸುರಿ ಅಂತಲ್ಲ

ಅತ್ತೆ: ಬಸುರಿ ಅಂತಲ್ಲಮ್ಮ. ನಾನು ಹಾಗೆ ಅಂದೆನಾ?

ಸೊಸೆ: ಮತ್ಯಾಕೆ ನನ್ನನ್ನ ಕಾರಿಂದ ಇಳಿಸಿ ಫೋನ್ ಹತ್ರ ಕೂರಿಸಿದ್ರಿ?

ಅತ್ತೆ: ಫೋನ್ ಹತ್ರ ಫ್ಯಾನ್ ಇದೆ.

ಡ್ರೈವಿಂಗ್ ಸ್ಕೂಲಿನ ಆಫೀಸೆಂದರೆ ಒಂದೇ ಕೋಣೆ. ಗೋಡೆಯ ಮೇಲೆ ಟ್ರಾಫಿಕ್ ಚಿಹ್ನೆಗಳ ಪಟ, ಮೂಲೆಯಲ್ಲಿ ಪಾಠಕ್ಕೆಂದು ಬಿಚ್ಚಿಟ್ಟ ಗೇರ್ ಬಾಕ್ಸ್. ಮೇಜಿನ ಆಚೆ ಸ್ಕೂಲಿನ ಒಡತಿಯಾದ ಅತ್ತೆ. ಈಚೆ, ಅಲ್ಲೇ ಕಾರು ಕಲಿಸುವ, ಐದು ತಿಂಗಳ ಬಸುರಿ ಸೊಸೆ. ಬೆಳಿಗ್ಗೆ ಬಂದು ನೋಡಿದರೆ ಅವಳ ಕಾರಿನ ಕೀ, ಅವಳ ಹಾಗೇ ಅಲ್ಲಿ ಕಲಿಸುವ ಗಂಡನ ಕೈಯಲ್ಲಿತ್ತು. ಅವಳಿಗೆ ಸಿಗಬೇಕಿದ್ದ ಹೆಡ್ ಹುದ್ದೆಯೂ ಕೀಯ ಜೊತೆಗೇ ಹೋಗಿತ್ತು.

ಸೊಸೆ: ಮುಂದಿನ ತಿಂಗಳಿಂದ ನೀನೇ ಹೆಡ್ ಅಂದಿದ್ರಿ.

ಅತ್ತೆ: ಅಂದಿದ್ದೆ. ಮುಂದಿನ ತಿಂಗಳು ಇನ್ನೂ ಬಂದಿಲ್ಲವಲ್ಲ.

ಸೊಸೆ: ಬಸುರಿ ಅಂತ ಕೆಲಸದಿಂದ ತೆಗೀಬಾರದು, ಕೇಳದೆ ಕೆಲಸ ಬದಲಾಯಿಸಬಾರದು, ಬಡ್ತಿ ತಪ್ಪಿಸಬಾರದು. ಕಾನೂನಿದೆ ಮೇಡಂ.

ಅತ್ತೆ: ಯಾರು ಹೇಳಿದ್ದು?

ಸೊಸೆ: ನನ್ನ ಹತ್ರ ಕಲಿಯೋಕೆ ಬರ್ತಾರಲ್ಲ, ಲಾಯರಮ್ಮ.

ಅತ್ತೆ: ಅವಳಾ? ಅವಳಿಗೆ ರಿವರ್ಸೇ ಬರಲ್ಲ.

ಸೊಸೆ: ರಿವರ್ಸ್ ಬರಲ್ಲ. ಕಾನೂನು ಬರುತ್ತೆ.

ಅತ್ತೆ ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದರು.

ಅತ್ತೆ: ಸಂಜೆ ಮನೇಲಿ ಮಾತಾಡೋಣ.

ಸೊಸೆ: ಬೇಡ. ಮನೇಲಿ ನೀವು ಅತ್ತೆ. ಅಲ್ಲಿ ಕಾನೂನು ನಡೆಯಲ್ಲ.

ಅತ್ತೆ: ಇಲ್ಲಿ ನಾನ್ಯಾರು?

ಸೊಸೆ: ಮೇಡಂ.

ಅತ್ತೆ: ಮೇಡಂಗೆ ಮೊಮ್ಮಗು ಆಗ್ಬಾರ್ದಾ?

ಸೊಸೆ: ಆಗ್ಲಿ. ಆಫೀಸ್ ಟೈಮಲ್ಲಿ ಬೇಡ.

ಅತ್ತೆ: ಸರಿ, ಬಾಯಿ ಬಿಟ್ಟು ಹೇಳ್ಬಿಡ್ತೀನಿ. ಮೊನ್ನೆ ಗಿರಾಕಿಯೊಬ್ರು ಫೋನ್ ಮಾಡಿದ್ರು. ನಿಮ್ಮಲ್ಲಿ ಕಲಿಸೋರು ಪಾಠದ ಮಧ್ಯೆ ಗಾಡಿ ನಿಲ್ಲಿಸಿ, ಮೋರಿ ಹತ್ರ ಓಡಿಹೋಗಿ ವಾಂತಿ ಮಾಡ್ಕೊಂಡ್ರು ಅಂತ.

ಸೊಸೆ: ನಾನು ಮಾಡಿಲ್ಲ.

ಅತ್ತೆ: ಅದೇನು ನಾಚಿಕೆ ಪಡೋ ವಿಷಯ ಅಲ್ಲ ಬಿಡು.

ಸೊಸೆ: ನಾಚಿಕೆ ಪಡ್ತಿಲ್ಲ. ಮಾಡಿಲ್ಲ ಅಂತಿದೀನಿ. ಮಾಡಿದ್ದೆ ಅಂತಾನೇ ಇಟ್ಕೊಳ್ಳಿ, ಯಾಕೆ ಮಾಡಿದೆ ಅಂತ ನಿಮ್ಮ ಲೆಕ್ಕ?

ಅತ್ತೆಯ ಬಾಯಿಗೆ ಬಂದ ಪದ ತುಟಿಯ ತನಕ ಬಂದು ವಾಪಸಾಯಿತು.

ಅತ್ತೆ: ಪಿತ್ತ.

ಸೊಸೆ: ಪಿತ್ತ?

ಅತ್ತೆ: ಪಿತ್ತ ಜಾಸ್ತಿಯಾದೋರನ್ನ ಕಾರಿಂದ ಇಳಿಸಬಾರದು ಅಂತ ಕಾನೂನಿದೆಯಾ?

ಸೊಸೆ: ನಾನು ಕೂರಬೇಕಾದ್ರೆ ಸೀಟು ಹಿಂದಕ್ಕೆ ತಳ್ಳಬೇಕಾಗುತ್ತೆ ಅಂತ ನಿನ್ನೆ ಅಂದ್ರಿ. ಅದೂ ಪಿತ್ತಾನಾ?

ಅತ್ತೆ: ಅದು ವಾಯು.

ಸೊಸೆ: ಇನ್ನು ನಾಲ್ಕು ತಿಂಗಳಿಗೆ ಈ ಪಿತ್ತವಾಯು ತೊಟ್ಟಿಲಲ್ಲಿ ಮಲಗಿ ಅಳುತ್ತಲ್ಲ, ಆಗ ಏನಂತ ಕರೀತೀರಿ?

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ದನಿಯಲ್ಲಿದ್ದ ಮೇಡಂ ಸ್ವಲ್ಪ ಹೊತ್ತು ಎದ್ದು ಹೋದರು.

ಅತ್ತೆ: ನೋಡೇ, ಕಲಿಯೋಕೆ ಬರೋರು ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ಒತ್ತೋ ಜನ. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?

ಸೊಸೆ: ನನ್ನ ಕಾಲಡಿಗೂ ಬ್ರೇಕ್ ಇದೆ. ಡಾಕ್ಟರನ್ನೂ ಕೇಳಿದೀನಿ. ಸಾಕು ಅನ್ನಿಸಿದ ದಿನ ನಾನೇ ಬಂದು ಹಗುರ ಕೆಲಸ ಕೊಡಿ ಅಂತೀನಿ, ಆಗ ನೀವು ಕೊಡಬೇಕು. ಕೇಳೋ ಮುಂಚೆನೇ ಕೊಟ್ರೆ ಅದು ಇಳಿಸಿದ ಹಾಗೆ. ಅದೂ ಅಲ್ಲದೆ, ನನ್ನ ಹೊಟ್ಟೆ ನೋಡಿದ್ರೆ ಜನ ತಾವಾಗೇ ಮೆತ್ತಗೆ ಓಡಿಸ್ತಾರೆ. ಹೊಟ್ಟೆ ಕಾಣೋಕೆ ಶುರುವಾದ ಮೇಲೆ ಒಬ್ರೂ ಕಂಬಕ್ಕೆ ಗುದ್ದಿಲ್ಲ.

ಅತ್ತೆ: (ಮನಸ್ಸಿಲ್ಲದ ಮನಸ್ಸಿನಿಂದ) ಅದೇನೋ ಹೌದು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಗ ಬಂದ. ಬೆಳಿಗ್ಗೆಯಷ್ಟೇ ಹೆಡ್ ಆದವನು. ಮುಖ ಬಿಳಿಚಿಕೊಂಡಿತ್ತು, ಬಾಯಿಗೆ ಕರ್ಚೀಫು ಅಡ್ಡ ಇತ್ತು. ಕಾರಿನ ಕೀಯನ್ನು ಮೇಜಿನ ಮೇಲಿಟ್ಟು, ಗೋಡೆ ಹಿಡಿದು ನಿಂತ.

ಅತ್ತೆ: ಪಾಠ ಇಷ್ಟು ಬೇಗ ಮುಗೀತಾ?

ಮಗ: ಅಮ್ಮ, ಇವತ್ತೂ ಆಯ್ತು.

ಅತ್ತೆ: ಏನಾಯ್ತು?

ಮಗ: ವಾಂತಿ. ಅದೇ ಮೋರಿ.

ಅತ್ತೆ ಕನ್ನಡಕ ಮತ್ತೆ ಏರಿಸಿ ಮಗನನ್ನು ನೋಡಿದರು.

ಅತ್ತೆ: ಮೊನ್ನೆ ಮಾಡಿದ್ದೂ ನೀನೇನಾ?

ಮಗ: ಇವಳು ಬಸುರಿ ಆದಾಗಿಂದ ಹಿಂಗೇನೇ. ಪೆಟ್ರೋಲ್ ವಾಸನೆ ಬಂದ್ರೆ ಸಾಕು. ಕೆಲವು ಗಂಡಂದಿರಿಗೆ ಹಾಗಾಗುತ್ತಂತೆ, ಡಾಕ್ಟರ್ ಹೇಳಿದ್ರು.

ಅತ್ತೆ: ಹೊಟ್ಟೆ ಅವಳದು, ಸಂಕಟ ನಿಂದಾ?

ಮಗ: ಹೆಡ್ಡೂ ಬೇಡ, ಗಾಡಿನೂ ಬೇಡಮ್ಮ. ಸ್ವಲ್ಪ ದಿನ ಫೋನ್ ಹತ್ರ ಕೂತ್ಕೋತೀನಿ. ಅಲ್ಲಿ ಫ್ಯಾನ್ ಇದೆ.

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಟ್ರಾಫಿಕ್ ಚಿಹ್ನೆಗಳ ಪಟವನ್ನು ಓದುತ್ತಿದ್ದಳು. ಅತ್ತೆ ಕೀಯನ್ನು ಮೆಲ್ಲಗೆ ಅವಳ ಕಡೆ ಸರಿಸಿದರು.

ಅತ್ತೆ: ತಗೋ. ಹೆಡ್ಡೂ ನೀನೇ. ಇವನನ್ನ ಇಳಿಸಬಹುದು ತಾನೆ? ಇವನಿಗೇನೂ ಕಾನೂನಿಲ್ಲವಲ್ಲ?

ಸೊಸೆ: ಇವರೇ ಬಾಯಿಬಿಟ್ಟು ಕೇಳಿದ್ದಾರೆ. ಧಾರಾಳವಾಗಿ ಕೊಡಿ ಮೇಡಂ.

ಮಗ ಹೋಗಿ ಫೋನಿನ ಮುಂದೆ ಕಣ್ಣು ಮುಚ್ಚಿ ಕೂತ.

ಸೊಸೆ: ಇನ್ನೊಂದು ಮಾತು. ಹೆರಿಗೆ ರಜೆ ಮುಗಿಸಿ ಬಂದಾಗ ನನಗೆ ಇದೇ ಕಾರು, ಇದೇ ಹುದ್ದೆ ಸಿಗಬೇಕು. ಅದೂ ಕಾನೂನೇ.

ಅತ್ತೆ: ಸಿಗುತ್ತೆ ಮಾರಾಯ್ತಿ. ನೀನು ಗಾಡಿಯಲ್ಲಿ, ಇವನು ಫ್ಯಾನ್ ಕೆಳಗೆ. ಮಗು ಯಾರು ನೋಡ್ಕೊಳ್ಳೋದು?

ಸೊಸೆ: ಅದರ ಅಜ್ಜಿ.

ಅತ್ತೆ: ಅಜ್ಜಿ ಬೆಳಿಗ್ಗೆಯಿಂದ ಸಂಜೆ ತನಕ ಇಲ್ಲೇ ದುಡೀತಾಳಲ್ಲ?

ಸೊಸೆ: ರಜೆ ಕೇಳಲಿ, ಮಾಲೀಕರನ್ನ.

ಅತ್ತೆ ಕುರ್ಚಿಗೆ ಒರಗಿ, ಗಲ್ಲಕ್ಕೆ ಕೈ ಕೊಟ್ಟು ಬಹಳ ಹೊತ್ತು ಯೋಚಿಸಿದರು.

ಅತ್ತೆ: ಕೇಳಿ ಪ್ರಯೋಜನ ಇಲ್ಲ ಕಣೇ. ಆ ಹೆಂಗಸು ಕೊಡಲ್ಲ.