ವೇಳಾಪಟ್ಟಿ ಬಿಟ್ಟುಕೊಟ್ಟ ಶುಕ್ರವಾರ

ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ: ನವಿ ಮುಂಬಯಿಯ ರಬಾಳೆಯಲ್ಲಿರುವ ಒಂದು ಕಂಪನಿಯ ತರಬೇತಿ ಸಭಾಂಗಣ. ಹಾಜರಿದ್ದವರು: ನಾನು, ಮತ್ತು ನೆಲ ಒರೆಸುತ್ತಿದ್ದ ಒಬ್ಬಾಕೆ. ಒಂಬತ್ತು ಎಂದು ಬರೆದಿದ್ದರೆ ಅದನ್ನು ಹತ್ತು ಎಂದು ಓದಿಕೊಳ್ಳಬೇಕೆಂಬುದು ಲೋಕಕ್ಕೆಲ್ಲ ಗೊತ್ತು, ನನಗೆ ಮಾತ್ರ ಈ ವಯಸ್ಸಿನವರೆಗೂ ಅಭ್ಯಾಸವಾಗಿಲ್ಲ. ನಾನು ಡೊಂಬಿವಲಿಯ ಒಂದು ಕನ್ನಡ ಶಾಲೆಯ ಮುಖ್ಯಾಧ್ಯಾಪಕ. ಊಟ, ನಿದ್ದೆ, ಕೋಪ ಎಲ್ಲವೂ ನನಗೆ ಪೀರಿಯಡ್ ಪ್ರಕಾರವೇ ಬರುತ್ತವೆ. ಆ ಹೆಂಗಸು ನನ್ನನ್ನೊಮ್ಮೆ ನೋಡಿ, "ಸಾಬ್, ಪಾಂವ್ ಊಪರ್" ಎಂದಳು. ಕಾಲು ಮೇಲೆತ್ತಿ ಕುಳಿತೆ. 'ಶಾಲಾ ಮುಖ್ಯಸ್ಥರ ವೃತ್ತಿಪರ ವಿಕಾಸ' ಎಂಬ ಆ ದಿನದ ತರಬೇತಿ ನನ್ನ ಮಟ್ಟಿಗೆ ಹೀಗೆ ಆರಂಭವಾಯಿತು.

ಇಲ್ಲಿಗೆ ನಾನಾಗಿ ಬಂದವನಲ್ಲ. ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಾದ ಸುಧಾಕರ ಶೆಟ್ಟರು ಕಳಿಸಿದರು. ಉಡುಪಿ ಕಡೆಯವರು, ಹೋಟೆಲು ನಡೆಸುವವರು. ಕೈಗೆ ಕಾಫಿ ಕೊಟ್ಟ ಮೇಲೆಯೇ ಕೆಟ್ಟ ಸುದ್ದಿ ಹೇಳುವುದು ಅವರ ಪದ್ಧತಿ. ಅಂದು ಕಾಫಿಯ ಜೊತೆ ಗೋಳಿಬಜೆಯೂ ಬಂದಾಗಲೇ ನನಗೆ ಅನುಮಾನ ಬಂದಿತ್ತು.

"ವಂದನಾ ಮೇಡಂಗೆ ಠಾಣೆಯ ವರ್ತಕ ನಗರದ ಶಾಲೆಯವರು ಕೆಲಸಕ್ಕೆ ಕರೆ ಕಳಿಸಿದ್ದಾರಂತೆ ಸರ್. ಸೋಮವಾರದೊಳಗೆ ಉತ್ತರ ಕೊಡಬೇಕಂತೆ. ಸಂಬಳದ ಮಾತಲ್ಲ ಮಾರಾಯ್ರೆ, ನಾನು ಕೇಳಿದೆ. ಇಲ್ಲಿ ಮಾಡ್ಲಿಕ್ಕೆ ನನಗೆ ಏನಿದೆ ಅಂತ ಹೇಳಿದ್ರು."

ವಂದನಾ ಮೇಡಂ ನಮ್ಮ ಶಾಲೆಯ ಸೂಪರ್‌ವೈಸರ್. ನನ್ನ ನಂತರ ಶಾಲೆಯನ್ನು ನಡೆಸಬಲ್ಲವರು ಅವರೊಬ್ಬರೇ ಎಂಬುದು ಶೆಟ್ಟರಿಗೂ ಗೊತ್ತು, ನನಗೂ ಗೊತ್ತು. ಮುಂದಿನ ವರ್ಷ ನನ್ನ ನಿವೃತ್ತಿ. ಅವರು ಹೋದರೆ ಶಾಲೆಯ ಬಾಗಿಲಿಗೆ ಬೀಗ ಹಾಕುವ ಕೆಲಸವೂ ನನ್ನ ಪಾಲಿಗೇ ಬಂದೀತು.

"ಮಾಡಲು ಏನೂ ಇಲ್ಲವೇ? ಎಲ್ಲ ಕೆಲಸದಲ್ಲೂ ಅವರನ್ನು ಜೊತೆಗೆ ನಿಲ್ಲಿಸಿಕೊಳ್ಳುತ್ತೇನಲ್ಲ!" ಎಂದೆ.

"ನಿಲ್ಲಿಸಿಕೊಳ್ಳುದೇ ಸಮಸ್ಯೆ ಸರ್. ಪಾಪ, ಅವರಿಗೆ ಕಾಲು ನೋವು ಬಂದಿರ್ಬೇಕು. ನೀವೊಮ್ಮೆ ರಬಾಳೆಗೆ ಹೋಗಿ ಬನ್ನಿ. ಕೆಲಸ ಬಿಟ್ಟುಕೊಡುದು ಹೇಗೆ ಅಂತ ಅಲ್ಲಿ ಕಲಿಸ್ತಾರಂತೆ."

ಹತ್ತರ ಹೊತ್ತಿಗೆ ಠಾಣೆ, ಕಲ್ಯಾಣ, ನವಿ ಮುಂಬಯಿಗಳ ಮುಖ್ಯಾಧ್ಯಾಪಕರೆಲ್ಲ ಬಂದರು. ಬಂದವರೆಲ್ಲ ನೇರವಾಗಿ ಹಿಂದಿನ ಸಾಲಿಗೇ ಹೋದರು. ಅದು ತುಂಬಿದ ಮೇಲೆ ಅದರ ಮುಂದಿನದು. ಜೀವನವಿಡೀ "ಹಿಂದೆ ಕೂತವರು ಮುಂದೆ ಬನ್ನಿ" ಎಂದು ಗದರಿಸಿದ ಗುಂಪು ಇದು. ತರಬೇತಿ ಕೊಡಲು ಬಂದ ರಿಯಾ ಎಂಬ ಹುಡುಗಿಗೆ ನಮ್ಮ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಆಕೆ ಮೊದಲು ಒಂದು ಬುಟ್ಟಿ ಹಿಡಿದು ಬಂದು ಎಲ್ಲರ ಮೊಬೈಲು ಕೇಳಿದಳು. ಸಭೆಯಲ್ಲಿ ಹಾಹಾಕಾರವಾಯಿತು. ನನ್ನ ಪಕ್ಕದಲ್ಲಿದ್ದ ಕಲ್ಯಾಣದ ಹಿರೇಮಠ ಸರ್, ಮೂಲತಃ ಧಾರವಾಡದವರು, ಒಂದು ಹಳೆಯ ಗುಂಡಿಯ ಫೋನನ್ನು ಬುಟ್ಟಿಗೆ ಹಾಕಿ, ಹೊಸದನ್ನು ಸದ್ದಿಲ್ಲದೆ ಕಾಲುಚೀಲಕ್ಕೆ ಇಳಿಸಿದರು.

"ಇದೇನು ಸರ್?" ಎಂದು ಪಿಸುಗುಟ್ಟಿದೆ.

"ಹತ್ತನೇತ್ತಿ ಹುಡುಗರ ಕಡಿಂದ ಕಲ್ತೀನ್ರಿ. ಕಲಿಕೆ ಅಂದ್ರ ಎರಡೂ ಕಡೆಯಿಂದ ಆಗಬೇಕಲ್ರಿ."

ಆಮೇಲೆ ಕಣ್ಣು ಕಟ್ಟುವ ಆಟ. ಜೋಡಿಯಲ್ಲಿ ಒಬ್ಬರಿಗೆ ಕಣ್ಣು ಕಟ್ಟುವುದು, ಇನ್ನೊಬ್ಬರು ಕೈ ಹಿಡಿದು ಕುರ್ಚಿಗಳ ನಡುವೆ ನಡೆಸುವುದು. ಇದರಿಂದ ಇತರರನ್ನು ನಂಬುವ ಗುಣ ಬೆಳೆಯುತ್ತದಂತೆ. ನನಗೆ ಕಣ್ಣು ಕಟ್ಟಿದರು, ಹಿರೇಮಠರು ಕೈ ಹಿಡಿದರು. ಮುಂದಿನದನ್ನು ನಾನು ಬೇಕೆಂದು ಮಾಡಿದ್ದಲ್ಲ. ಕತ್ತಲೆಯಲ್ಲಿ ನನ್ನ ಬಾಯಿ ತಾನಾಗಿಯೇ ಕೆಲಸಕ್ಕೆ ಇಳಿಯಿತು. "ನಿಧಾನ. ಎಡಕ್ಕೆ. ಎಡಕ್ಕೆ ಅಂದೆ! ಯಾರದು ಮಾತಾಡುತ್ತಿರುವುದು? ಲೈನ್ ಮುರಿಯಬೇಡಿ."

"ಸರ, ಕಣ್ಣು ಕಟ್ಟಿದ್ದು ನಿಮಗೋ ನನಗೋ?"

"ನಿಮಗೆ ಬಲಗಡೆ ಕುರ್ಚಿ ಇದೆ, ನೋಡಿಕೊಳ್ಳಿ" ಎಂದೆ. ಬಲಗಡೆ ಕುರ್ಚಿ ಇರಲಿಲ್ಲ. ಎಡಗಡೆ ಇತ್ತು. ಅದಕ್ಕೆ ಮೊಣಕಾಲು ಬಡಿದು ಇಬ್ಬರೂ ಒಟ್ಟಿಗೆ ಮುಗ್ಗರಿಸಿದೆವು. "ಬಾಯೀನೂ ಕಟ್ಟಬೇಕಿತ್ತು ನೋಡ್ರಿ" ಎಂದು ಹಿರೇಮಠರು ನರಳಿದರು. ರಿಯಾ ಓಡಿ ಬಂದು, "ಸರ್, ಕೌನ್ ಕಿಸ್ಕೋ ಲೀಡ್ ಕರ್ ರಹಾ ಹೈ?" ಎಂದು ಕೇಳಿದಳು. ಯಾರು ಯಾರನ್ನು ನಡೆಸುತ್ತಿದ್ದಾರೆಂದು ಕಣ್ಣಿನ ಬಟ್ಟೆ ಬಿಚ್ಚಿ ನೋಡಿದರೆ ಕೋಣೆಯ ತುಂಬ ಕಣ್ಣು ಕಟ್ಟಿಕೊಂಡ ಮುಖ್ಯಾಧ್ಯಾಪಕರು ಕಣ್ಣಿದ್ದವರಿಗೆ ದಾರಿ ತೋರಿಸುತ್ತಿದ್ದರು. ನಗುವೂ ಬಂತು, ಒಳಗೊಳಗೇ ಸ್ವಲ್ಪ ಇರುಸುಮುರುಸೂ ಆಯಿತು. ಮೊಣಕಾಲು ಒತ್ತಿಕೊಳ್ಳುತ್ತಿದ್ದ ಹಿರೇಮಠರ ಜಾಗದಲ್ಲಿ ನನಗೆ ವಂದನಾ ಮೇಡಂ ಕಂಡರು.

ಊಟದ ನಂತರ ಬುಟ್ಟಿಯ ಮೊಬೈಲುಗಳು ವಾಪಸು ಬಂದವು, ಜೊತೆಗೆ ನಿಜವಾದ ಪರೀಕ್ಷೆಯೂ. ಪ್ರತಿಯೊಬ್ಬರೂ ತಮ್ಮ ಪ್ರಾಣಕ್ಕೆ ಹತ್ತಿರವಾದ ಒಂದು ಕೆಲಸವನ್ನು ಸಹೋದ್ಯೋಗಿಗೆ ಒಪ್ಪಿಸಬೇಕು. ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲರೂ ಕೇಳುವಂತೆ. ಒಬ್ಬರು ಗಿಡಗಳಿಗೆ ನೀರು ಹಾಕಿಸುವ ಜವಾಬ್ದಾರಿ ಬಿಟ್ಟುಕೊಟ್ಟರು. ಇನ್ನೊಬ್ಬರು ನೋಟೀಸ್ ಬೋರ್ಡಿನ ಬೀಗದ ಕೈ ಕೊಟ್ಟರು, ಅದರಲ್ಲೂ ಒಂದನ್ನು ತಮ್ಮ ಬಳಿ ಇಟ್ಟುಕೊಂಡು. ನನ್ನ ಸರದಿ ಬಂತು. ಶಾಲೆಯ ವೇಳಾಪಟ್ಟಿಯನ್ನು ಇಷ್ಟು ವರ್ಷ ನಾನಲ್ಲದೆ ಬೇರೆಯವರು ಮುಟ್ಟಿಲ್ಲ. ಯಾವ ಟೀಚರಿಗೆ ಯಾವ ತರಗತಿ, ಯಾರಿಗೆ ಊಟದ ಮೊದಲು ಬಿಡುವು, ಯಾರನ್ನು ಯಾರ ಪಕ್ಕದ ಕೋಣೆಗೆ ಹಾಕಿದರೆ ಮಾತು ಹೆಚ್ಚುತ್ತದೆ, ಇದೆಲ್ಲ ಬಣ್ಣದ ಪೆನ್ಸಿಲು ಹಿಡಿದು ಮನೆಯ ಊಟದ ಮೇಜಿನ ಮೇಲೆ ನಾನು ಕೂಡಿಸುವ ಲೆಕ್ಕ. ಆ ದಿನಗಳಲ್ಲಿ ಮನೆಯವರು ನೆಲದ ಮೇಲೆ ಊಟ ಮಾಡುತ್ತಾರೆ. ಮುಖ್ಯಾಧ್ಯಾಪಕನ ನಿಜವಾದ ಸಿಂಹಾಸನ ಆ ವೇಳಾಪಟ್ಟಿಯೇ, ಕುರ್ಚಿಯಲ್ಲ. ನೋಟೀಸ್ ಬೋರ್ಡು ಕೊಟ್ಟು ಪಾರಾಗಬಹುದಿತ್ತು. ಆದರೆ ಅಂಥದ್ದನ್ನು ಕೊಟ್ಟರೆ ವಂದನಾ ಮೇಡಂ ಸೋಮವಾರದವರೆಗೂ ಕಾಯದೆ ಹೋಗುತ್ತಾರೆ.

ಫೋನ್ ಮಾಡಿದೆ. ಹಲೋ ಎನ್ನುವ ಮೊದಲೇ ಆ ಕಡೆಯಿಂದ ವಂದನಾ ಮೇಡಂ, "ಸರ್, ಬೆಲ್ ಟೈಮ್‌ಗೇ ಆಯ್ತು, ಪ್ರಾಮಿಸ್! ಆರನೇ ಕ್ಲಾಸ್ ಹತ್ರದ ನೀರಿನ ನಲ್ಲಿ ಬಂದ್ ಮಾಡಿಸಿದೆ. ಇನ್ನೇನು ಸರ್?" ಎಂದರು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವರು, ಅವರ ನಲ್ಲಿ ಮರಾಠಿಯಲ್ಲೇ ಬಂದ್ ಆಗುತ್ತದೆ. ಹಿಂದಿನ ಸಾಲು ಕಿಸಕ್ಕೆಂದಿತು.

"ಅದಕ್ಕಲ್ಲ. ದೀಪಾವಳಿ ರಜೆ ಮುಗಿದ ಮೇಲಿನ ವೇಳಾಪಟ್ಟಿ... ನೀವೇ ಮಾಡಿ."

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಸರ್, ತಬ್ಯೇತ್ ಬರೀ ಇದೆ ನಾ? ಬಿಪಿ ಗುಳಿಗೆ ತಗೊಂಡ್ರಾ?"

"ಆರೋಗ್ಯವಾಗಿದ್ದೇನೆ. ಪೂರ್ತಿ ನಿಮ್ಮದೇ. ನಾನು ನೋಡುವುದೂ ಇಲ್ಲ."

"ಖರಂಚ್ ಸರ್? ನಿಜವಾಗ್ಲೂ?"

"ಖಂಡಿತ. ಆದರೆ ಗಣಿತ ಮಾತ್ರ ಬೆಳಿಗ್ಗೆ ಮೊದಲ..." ಎನ್ನುವಷ್ಟರಲ್ಲಿ ಹಿರೇಮಠರು ಕೈ ಚಾಚಿ ಕೆಂಪು ಗುಂಡಿ ಒತ್ತಿಬಿಟ್ಟರು. "ಸಾಕ್ರಿ ಸರ. ಈಗಷ್ಟ ಚಲೋ ಮನಷ್ಯಾ ಆಗಿದ್ರಿ, ಕೆಡಿಸ್ಕೋಬ್ಯಾಡ್ರಿ." ಸಭೆ ಚಪ್ಪಾಳೆ ತಟ್ಟಿತು. ನನಗೆ ಮಾತ್ರ ಸ್ವಂತ ಹಲ್ಲನ್ನು ಕೀಳಿಸಿಕೊಂಡು ಪ್ರಮಾಣಪತ್ರ ಪಡೆದಂತಾಗಿತ್ತು.

ವಾಪಸಾಗುವಾಗ ಮುಂಬ್ರಾದ ಗುಡ್ಡಗಳು ರೈಲಿನ ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದರೂ ತಲೆಯಲ್ಲಿ ಒಂಬತ್ತನೇ ತರಗತಿಯ ಗಣಿತವೇ. ಏನೇನು ಎಡವಟ್ಟಾಗಬಹುದೆಂದು ಮನಸ್ಸಿನಲ್ಲೇ ಪಟ್ಟಿ ಮಾಡಿ ಸಮಾಧಾನಪಟ್ಟೆ. ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ವಂದನಾ ಮೇಡಂ ಕಳಿಸಿದ ಫೋಟೊ ಬಂದಿತ್ತು. ಇಡೀ ವೇಳಾಪಟ್ಟಿ ಸಿದ್ಧ! ನೋಡುವುದಿಲ್ಲ ಎಂದಿದ್ದೆ ನಿಜ, ಆದರೆ ಅವರಾಗಿಯೇ ಕಳಿಸಿದ್ದಾರಲ್ಲ. ತಪ್ಪು ಹುಡುಕಲು ಕನ್ನಡಕ ಹಾಕಿಕೊಂಡೆ. ಒಂದೂ ಸಿಗಲಿಲ್ಲ. ಬುಧವಾರದ ಕೊನೆಯ ಪೀರಿಯಡ್ಡಿಗೆ ಬಂದಾಗ ಮಾತ್ರ ನಿಂತೆ. ಕೂಡಲೇ ಫೋನ್ ಮಾಡಿದೆ.

"ಮೇಡಂ, ಎಂಟನೇ 'ಬಿ' ಇತಿಹಾಸಕ್ಕೆ ನನ್ನ ಹೆಸರು ಬಂದುಬಿಟ್ಟಿದೆ."

"ಬಂದುಬಿಟ್ಟಿಲ್ಲ ಸರ್, ನಾನೇ ಹಾಕಿದ್ದು."

"ನಾನು ಕ್ಲಾಸಿಗೆ ಹೋಗಿ ಎಷ್ಟು ಕಾಲವಾಯಿತು! ಅದೂ ಎಂಟನೇ 'ಬಿ'. ಅವರು ಪಂಚೇಂದ್ರಿಯಗಳಲ್ಲೂ ಗಲಾಟೆ ಮಾಡುವವರು."

"ಅದಕ್ಕೇ ಸರ್, ನಿಮಗೆ ಕೊಟ್ಟಿದ್ದು. ಬೇರೆ ಯಾರೂ ಸಂಭಾಳಿಸಲ್ಲ."

ಇದು ಹೊಗಳಿಕೆಯೋ ಸೇಡೋ ತಿಳಿಯಲಿಲ್ಲ. ಅಳುಕುತ್ತಲೇ ಕೇಳಿದೆ: "ವರ್ತಕ ನಗರದವರಿಗೆ ಏನು ಹೇಳುತ್ತೀರಿ?"

"ಹೇಳಾಯ್ತಲ್ಲ ಸರ್. ನೀವು ಫೋನ್ ಇಟ್ಟ ಮೇಲೆ, ಬರಲ್ಲ ಅಂತ ಹೇಳಿಬಿಟ್ಟೆ. ಹಾಂ, ಆ ಪೀರಿಯಡ್‌ದು ಪಾಠದ ಟಿಪ್ಪಣಿ ಇವತ್ತೇ ಕಳಿಸಿ. ಎಲ್ಲರ ಹತ್ರ ಕೇಳಿದೀನಿ, ನಿಮಗೊಬ್ಬರಿಗೆ ಬಿಟ್ರೆ ಬರಾಬರ್ ಕಾಣಲ್ಲ."

ಊಟದ ಮೇಜಿನ ಮುಂದೆ ಕುಳಿತು ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ವಾಪಸು ಬಂತು: "ಚಟುವಟಿಕೆ ಇಲ್ಲ. ಮಕ್ಕಳು ಏನು ಮಾಡುತ್ತಾರೆ? ದಯವಿಟ್ಟು ಮತ್ತೆ ಬರೆಯಿರಿ." ಸಿಟ್ಟು ಬರಬೇಕಾದ ಪೀರಿಯಡ್ ಅದು. ಬರಲಿಲ್ಲ. ಮತ್ತೆ ಬರೆದೆ. ಈ ಸಲ ಒಪ್ಪಿಗೆಯಾಗಿ, ಕೆಳಗೆ 'ಉತ್ತಮ' ಎಂದು ಬಂತು. ಅಡುಗೆಮನೆಗೆ ಹೋಗಿ ಅದನ್ನು ಹೆಂಡತಿಗೆ ತೋರಿಸಿದೆ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.