ಬುಗ್ಗೆ ಕೈಯ ಕಾಗದ

ಸುಮಾ, ವಿನುತಾ, ಪ್ರಮೋದ, ನಿಮಗೆ ಒಂದು ಗುಟ್ಟು ಹೇಳುತ್ತೇನೆ. ನಿಮ್ಮ ಅಜ್ಜಿಗೆ ಜೀವನದಲ್ಲಿ ಒಂದೇ ಒಂದು ಆಸೆ ದೊಡ್ಡದಿತ್ತು. ಅದು ತೋಳಿನ ಅಳತೆಯದ್ದು. ಕಾಶಿಗೆ ಹೋಗಬೇಕೆಂದಾಗಲಿ ಬಂಗಾರದ ಸೊಂಟಪಟ್ಟಿ ಬೇಕೆಂದಾಗಲಿ ನನಗೆ ಅನಿಸಿದ್ದಿಲ್ಲ. ಭುಜದ ಹತ್ತಿರ ನೆರಿಗೆ ಕಟ್ಟಿ ಪೂರಿಯಂತೆ ಉಬ್ಬಿ ನಿಲ್ಲುವ ಬುಗ್ಗೆ ಕೈಯ ರವಕೆಯೊಂದು ಬೇಕಿತ್ತು, ಅಷ್ಟೆ. ಇದನ್ನು ಬಾಯಿಬಿಟ್ಟು ಹೇಳಲು ಆಗ ನಾಚಿಕೆ. ಈಗಲೂ ನಾಚಿಕೆಯೇ, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಕಡಬದ ಕಡೆಯಿಂದ ಕುಂಬ್ರಕ್ಕೆ ಸೊಸೆಯಾಗಿ ಬಂದಾಗ ಹೆಂಗಸರು ದರ್ಜಿಯ ಅಂಗಡಿಗೆ ಹೋಗುವ ಕ್ರಮ ಇರಲಿಲ್ಲ. ಹಳೆಯ ರವಕೆಯೊಂದನ್ನು ಅಳತೆಗೆಂದು ಗಂಡಸರ ಕೈಯಲ್ಲಿ ಕಳಿಸುವುದು. ನಮ್ಮ ಮನೆಯಲ್ಲಿ ಅಂಥ ಅಳತೆ ರವಕೆ ಒಂದೇ, ನನ್ನ ಅತ್ತೆಯದ್ದು. ಒಂದೇ ತಾನಿನ ಬಟ್ಟೆ, ಒಂದೇ ಅಳತೆ, ಎರಡು ರವಕೆ. ಅತ್ತೆ ತುಂಬಿದ ಕಣಜದಂಥವರು, ನಾನು ಹಿಡಿಸೂಡಿಯ ಕಡ್ಡಿ. ನನ್ನ ರವಕೆಯೊಳಗೆ ಇನ್ನೊಬ್ಬಳನ್ನು ಕೂರಿಸಬಹುದಿತ್ತು. ಒಮ್ಮೆ ಧೈರ್ಯ ಮಾಡಿ “ಸ್ವಲ್ಪ ದೊಡ್ಡ ಆಗ್ತದೆ ಅತ್ತೆ” ಎಂದೆ. “ಇರ್ಲಿ, ಎರಡು ಹೆತ್ತ ಮೇಲೆ ಸರಿಯಾಗ್ತದೆ” ಎಂದು ಮಜ್ಜಿಗೆ ಕಡೆಯುವುದನ್ನು ಮುಂದುವರಿಸಿದರು.

ಆ ವರ್ಷ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ತವರಿನವರೆಲ್ಲ ಸೇರುವಲ್ಲಿಗೆ ತಲೆದಿಂಬಿನ ಚೀಲ ತೊಟ್ಟು ಹೋಗುವುದು ಹೇಗೆ? ನೆರೆಯ ಸಿಸಿಲಿ ಬಾಯಿಯವರಲ್ಲಿ ಹೊಲಿಗೆ ಯಂತ್ರವಿತ್ತು, ಆದರೆ ಅದು ಕೆಟ್ಟು ಕೂತಿತ್ತು. “ಕಾಗದ ಕತ್ತರಿಸಿ ಕೊಡ್ತೇನೆ, ಹೊಲಿಯುದು ದರ್ಜಿ ಬಾಬಣ್ಣ ಮಾಡ್ಲಿ” ಎಂದರು ಸಿಸಿಲಿ ಬಾಯಿ. “ಕಾಗದ ತಪ್ಪಿದ್ರೆ ಒಲೆಗೆ ಹಾಕುದು. ಬಟ್ಟೆ ತಪ್ಪಿದ್ರೆ ನಿನ್ನ ಅತ್ತೆಗೆ ಎಂತ ಹೇಳುದು?”

ಅತ್ತೆಯ ಅಳತೆ ರವಕೆಯನ್ನು ವಾರಪತ್ರಿಕೆಯ ಹಾಳೆಗಳ ಮೇಲೆ ಹರಡಿ ಗೆರೆ ಎಳೆದರು. ಎರಡೂ ಪಕ್ಕಗಳನ್ನು ನನ್ನ ಮೈಗೆ ಹಿಡಿದು ನೋಡಿ ಒಳಕ್ಕೆ ಮಡಚಿದರು. ತೋಳಿನ ಕಾಗದವನ್ನು ಮೇಲಿನಿಂದ ಐದು ಸೀಳು ಸೀಳಿ, ಬುಡ ಕಡಿಯದೆ ಬೀಸಣಿಗೆಯಂತೆ ಅಗಲಿಸಿ, ಎಡೆಗಳಿಗೆ ಬೇರೆ ಕಾಗದವಿಟ್ಟು ಅನ್ನದ ಅಗುಳಿನಿಂದ ಅಂಟಿಸಿದರು. “ನೋಡು, ಈ ಹೆಚ್ಚಾದದ್ದೇ ನೆರಿಗೆ ಆಗುದು.” ಕಾಗದವನ್ನು ತೋಳಿಗೆ ಸುತ್ತಿಕೊಂಡಾಗಲೇ ನಾನು ಮದುವೆ ಮನೆಯಲ್ಲಿದ್ದೆ.

ಆದರೆ ಅದು ಅಂದೇ ಬಸ್ಸಿನಲ್ಲಿ ಬಂದ ಪತ್ರಿಕೆ. ನಿಮ್ಮ ಅಜ್ಜ ಅದರಲ್ಲಿ ಬರುತ್ತಿದ್ದ ಧಾರಾವಾಹಿಗೆ ವಾರವಿಡೀ ಕಾಯುತ್ತಿದ್ದವರು. ಹಿಂದಿನ ವಾರ ಹುಡುಗಿ ಬಾವಿಕಟ್ಟೆಯ ಮೇಲೆ ನಿಂತಲ್ಲಿಗೆ ಕಥೆ ನಿಂತಿತ್ತು.

“ಇದರ ನಡುವಿನ ಹಾಳೆ ಎಲ್ಲಿ ಮಾರಾಯ್ತಿ?”

ನಾನು ಕಾಗದದ ತೋಳನ್ನು ತಂದು ತೋರಿಸಿದೆ. ಅವರು ಬೆಳಕಿಗೆ ಹಿಡಿದು ಓದಿದರು. “ಇಲ್ಲಿ ‘ಅವಳು’ ಉಂಟು. ಮತ್ತೆ ತಲೆನೋವಿನ ಮುಲಾಮು ಬಂತು. ಹಾರಿದಳಾ ಇಲ್ವಾ ಇವಳು?” ಅಂಟು ಬಿಡಿಸಿ ಓದಬಹುದಿತ್ತು. ನನ್ನ ಮುಖ ನೋಡಿ ಹಾಗೆಯೇ ಸುರುಳಿ ಸುತ್ತಿದರು. “ನಾಳೆ ಕೊಂಡುಹೋಗ್ತೇನೆ. ಅಮ್ಮನದ್ದು ರವಕೆಯ ಅಳತೆಗೆ, ನಿನ್ನದ್ದು ಕಾಗದದ ಅಳತೆಗೆ. ಅಷ್ಟೇ ಅಲ್ವಾ ಹೇಳುದು?”

ಅಷ್ಟೇ. ಆದರೆ ಬಾಬಣ್ಣನ ಅಂಗಡಿಯಲ್ಲಿ ನಾಲ್ಕು ಗಂಡಸರು ಕೂತಿದ್ದರಂತೆ. ಅವರೆದುರು ಹೆಂಡತಿಯ ರವಕೆಯ ಮಾತೆತ್ತಲು ನಾಚಿ, ಬಟ್ಟೆ, ಅಳತೆ ರವಕೆ, ಕಾಗದ ಎಲ್ಲವನ್ನೂ ಮೇಜಿನ ಮೇಲಿಟ್ಟು ಬಂದುಬಿಟ್ಟರು. ನನಗೆ ತಕ್ಕ ಗಂಡ! ನಮ್ಮ ಮನೆಯಲ್ಲಿ ಎರಡಕ್ಕೂ ಒಂದೇ ಅಳತೆಯೆಂದು ಬಲ್ಲ ಬಾಬಣ್ಣ, ಕಾಗದವೇ ಹೊಸ ಅಳತೆಯೆಂದು ತಿಳಿದು ಎರಡನ್ನೂ ಅದರಂತೆ ಹೊಲಿದ.

ಮದುವೆಗೆ ಮೂರು ದಿನವಿರುವಾಗ ರವಕೆಗಳೂ ಕಾಗದವೂ ಇದ್ದ ಕಟ್ಟು ಬಂತು. ನಾನು ನನ್ನದನ್ನು ತೊಟ್ಟು ಚಾವಡಿಗೆ ಬಂದೆ. ಓದುತ್ತಿದ್ದ ನಿಮ್ಮ ಅಜ್ಜ ಎದ್ದು ನಿಂತರು. ಹಿರಿಯರು ಬಂದರೆ ಏಳುತ್ತೇವಲ್ಲ, ಹಾಗೆ.

“ಎಂತ?” ಎಂದೆ.

“ಎಂತ ಇಲ್ಲ” ಎಂದರು. ಕೂರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ “ಅಯ್ಯೋ, ಸತ್ತೆ ನಾನು! ಬಾ, ಎಳಿ ಇದನ್ನು!” ಎಂಬ ಕೂಗು. ಹೋಗಿ ನೋಡಿದರೆ ಅತ್ತೆ ಎರಡೂ ಕೈ ಮೇಲೆತ್ತಿ ರವಕೆಯಲ್ಲಿ ಸಿಕ್ಕಿಬಿದ್ದಿದ್ದಾರೆ. ಎಳೆದು ಬಿಡಿಸಿದ ಮೇಲೆ, “ಆ ಬಾಬಣ್ಣನಿಗೆ ಮಂಡೆ ಸಮ ಉಂಟಾ? ನಾನಿನ್ನು ಮದುವೆಗೆ ಎಂತ ಹಾಕುದು?” ಎಂದು ಕಣ್ಣಲ್ಲಿ ನೀರು ತಂದರು. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಚಪಲ ನೋಡಿ, ನಾನು “ನನ್ನದನ್ನು ಬಿಚ್ಚಿ ನಿಮ್ಮದರ ಪಕ್ಕಕ್ಕೆ ಸೇರಿಸುವ ಅತ್ತೆ” ಎಂದೆ. “ಬೇಡ ಮಗಾ, ನೀನು ಹಾಕು” ಎನ್ನುತ್ತಾರೆಂದು ಕಾದೆ.

“ಒಳ್ಳೇದು. ಕತ್ತರಿ ತಾ” ಎಂದರು ಅತ್ತೆ.

ಹೊಲಿಗೆ ಬಿಚ್ಚುತ್ತಾ ಕಾಗದದ ಸಂಗತಿಯನ್ನೂ ಅತ್ತೆಗೆ ಹೇಳಿಬಿಟ್ಟೆ. ಮದುವೆಯಲ್ಲಿ ಅತ್ತೆಯ ಬುಗ್ಗೆ ಕೈಯನ್ನು ಮೆಚ್ಚದವರಿಲ್ಲ. “ನನ್ನ ಸೊಸೆ ಕಾಗದ ಮಾಡಿಸಿದ್ದು” ಎಂದು ಅವರೇ ಹೆಮ್ಮೆಯಿಂದ ನನ್ನತ್ತ ಕೈ ತೋರಿಸುವಾಗ ನಾನು ತಲೆದಿಂಬಿನ ಚೀಲದಲ್ಲಿ ನಿಂತು ಪಾಯಸ ಬಡಿಸುತ್ತಿದ್ದೆ. “ಬರುವ ವರ್ಷ ಇನ್ನೊಂದು ಹೊಲಿಸುವ” ಎಂದು ನಿಮ್ಮ ಅಜ್ಜ ಕಿವಿಯಲ್ಲಿ ಹೇಳಿದರು. ಬರುವ ವರ್ಷಕ್ಕೆ ನಿಮ್ಮ ಅಮ್ಮ ಹೊಟ್ಟೆಯಲ್ಲಿದ್ದಳು.

ಆ ಮೇಲೆ ಪೆಟ್ಟಿಗೆಯಲ್ಲಿ ಆ ಕಾಗದದ ತೋಳು ಕಂಡಾಗಲೆಲ್ಲ ಅವರು ಕೇಳುವುದಿತ್ತು, “ಅವಳು ಹಾರಿದಳಾ?”

“ಬಿಚ್ಚಿ ಓದಿ.”

“ಬೇಡ. ನೀನೊಮ್ಮೆ ಹೊಲಿಸಿ ಹಾಕು, ಮತ್ತೆ ಓದುವ.”

ನಾನು ಹೊಲಿಸಲಿಲ್ಲ, ಅವರು ಓದಲಿಲ್ಲ. ಅವರು ಹೋಗಿ ಎಷ್ಟೋ ಮಳೆಗಾಲಗಳ ನಂತರ, ಮೊನ್ನೆ ಅನ್ನದ ಅಂಟು ತಾನಾಗಿ ಬಿಟ್ಟಿತು. ಸೀಳುಗಳನ್ನು ಒತ್ತಿಗೆ ಜೋಡಿಸಿ ಓದಿದೆ. ಹುಡುಗಿ ಹಾರಲಿಲ್ಲ. ಕೊಡ ತುಂಬಿಸಿಕೊಂಡು ಮನೆಗೆ ಹೋದಳು. “ಕೇಳಿದಿರಾ?” ಎಂದು ಚಾವಡಿಯ ಕಡೆ ತಿರುಗಿದವಳು ಹಾಗೆಯೇ ಕೂತೆ. ಆಮೇಲೆ ಎದ್ದು, ಅಗುಳು ಹಿಸುಕಿ, ತೋಳನ್ನು ಮೊದಲಿನಂತೆಯೇ ಅಂಟಿಸಿದೆ.

ಅದನ್ನು ಈ ಹಾಳೆಗಳ ನಡುವೆ ಮಡಚಿಟ್ಟಿದ್ದೇನೆ ಮಕ್ಕಳೇ. ಗೆದ್ದಲು ಹತ್ತದ ಕಡೆ ಇಡಿ. ನಿಮ್ಮಲ್ಲಿ ಯಾರಾದರೂ ಹೊಲಿಸಿದರೆ ಪಕ್ಕ ನಿಮ್ಮ ಮೈಗೆ ಹಿಡಿದು ನೋಡಿಕೊಳ್ಳಿ. ನನ್ನ ಚಿಂತೆ ಬೇಡ. ಪೆಟ್ಟಿಗೆಯ ಅಡಿಯಲ್ಲಿ ಅತ್ತೆಯ ಅಳತೆ ರವಕೆ ಸಿಕ್ಕಿತು, ತೊಟ್ಟು ನೋಡಿದೆ. ನನಗೆಂದೇ ಹೊಲಿದ ಹಾಗೆ ಉಂಟು.